ಹದಿನಾರು ಮನೆ, ಒಬ್ಬನೇ ಓನರ್

2010ರ ಬೇಸಿಗೆ. ಅಮೆರಿಕದ ಓಹಾಯೊ ರಾಜ್ಯದ ಸಿನ್ಸಿನಾಟಿ ನಗರ. ನದಿ ದಡದ ಊರು. ಅಲ್ಲಿ ಜೂನ್, ಜುಲೈ ಬಂತೆಂದರೆ ಬಿಸಿಲಿಗಿಂತ ಸೆಕೆಯೇ ಜಾಸ್ತಿ. ಅಂಗಿ ಬೆನ್ನಿಗೆ ಅಂಟಿಕೊಳ್ಳುವಂಥ ಸೆಕೆ. ಆಸ್ತಮಾ ಇರುವ ಮಕ್ಕಳಿಗೆ ಇದು ಕೆಟ್ಟ ಕಾಲ. ಕಿಟಕಿ ತೆಗೆದರೆ ಹೊರಗಿನ ಹೊಗೆ, ಹೂವಿನ ಪುಡಿ ಒಳಗೆ ಬರುತ್ತವೆ. ಮುಚ್ಚಿದರೆ ಒಳಗಿನ ತೇವ ಮತ್ತು ಬೂಷ್ಟಿನ ವಾಸನೆ. ಹಾಗಾಗಿ ಮಕ್ಕಳ ಡಾಕ್ಟರುಗಳು ಇಂಥ ಮನೆಯವರಿಗೆ ಹೇಳುವ ಮಾತು ಒಂದೇ: ಮಗು ಮಲಗುವ ಕೋಣೆಯ ಕಿಟಕಿಗೆ ಒಂದು ಎಸಿ ಕೂರಿಸಿ.

ಆ ಬೇಸಿಗೆಯಲ್ಲಿ ಸಿನ್ಸಿನಾಟಿ ಚಿಲ್ಡ್ರನ್ಸ್ ಆಸ್ಪತ್ರೆಯ ಕ್ಲಿನಿಕ್ಕಿಗೆ ಬಂದ ಒಂದು ಮನೆಯವರು ಇದಕ್ಕೆ ಕೊಟ್ಟ ಉತ್ತರ, ಓನರ್ ಬಿಡುವುದಿಲ್ಲ ಅಂತ. ಕಿಟಕಿಗೆ ಎಸಿ ಹಾಕಿದರೆ ಮನೆ ಖಾಲಿ ಮಾಡಿಸುತ್ತೇನೆ ಅಂದಿದ್ದಾನಂತೆ. ಬಾಡಿಗೆ ಮನೆಯಲ್ಲಿ ಇದ್ದವರಿಗೆ ಇದೇನೂ ಹೊಸದಲ್ಲ. ಗೋಡೆಗೆ ಮೊಳೆ ಹೊಡೆಯಬೇಡಿ ಅನ್ನುವ ಓನರ್ ಎಲ್ಲ ಊರಿನಲ್ಲೂ ಇದ್ದಾರೆ. ಡಾಕ್ಟರು ಒಂದು ಚೀಟಿ ಬರೆದು ಅವರನ್ನು ವಕೀಲರ ಹತ್ತಿರ ಕಳಿಸಿದರು. ಸ್ವಲ್ಪ ದಿನಕ್ಕೆ ಇನ್ನೊಂದು ಮನೆಯವರು ಬಂದರು. ಅದೇ ಕಥೆ. ಆಮೇಲೆ ಮೂರನೆಯವರು.

ಈ ಮೂರು ಚೀಟಿ ಒಂದೇ ಮೇಜಿಗೆ ಬಂದು ಬಿದ್ದವು. ನಾನು ಹೇಳಬೇಕೆಂದಿರುವುದೆಲ್ಲ ಆ ಮೇಜಿನ ಬಗ್ಗೆ.

ಯಾಕೆಂದರೆ ಡಾಕ್ಟರುಗಳ ಕಡೆಯಿಂದ ನೋಡಿದರೆ ಇದು ಕಾಣಿಸುವಂಥದ್ದೇ ಅಲ್ಲ. ಅದು ಕಲಿಸುವ ಆಸ್ಪತ್ರೆ. ಕ್ಲಿನಿಕ್ಕಿನಲ್ಲಿ ತರಬೇತಿಯಲ್ಲಿರುವ ಕಿರಿಯ ಡಾಕ್ಟರುಗಳೇ ತುಂಬಾ. ಒಬ್ಬೊಬ್ಬರು ಒಂದೊಂದು ಕೋಣೆಯಲ್ಲಿ ಒಂದೊಂದು ಮಗುವನ್ನು ನೋಡುತ್ತಾರೆ. ಸೋಮವಾರ ನೋಡಿದವರಿಗೆ ಗುರುವಾರ ಬಂದ ಮಗುವಿನ ವಿಷಯ ಗೊತ್ತಿರುವುದಿಲ್ಲ. ಕಂಪ್ಯೂಟರಿನಲ್ಲಿ ಮಗುವಿನ ವಿಳಾಸ ಇದೆ, ನಿಜ. ಆದರೆ ಆ ವಿಳಾಸ ಇರುವುದು ಬಿಲ್ ಕಳಿಸಲಿಕ್ಕೆ. ಅದನ್ನು ರೋಗದ ಲಕ್ಷಣದ ಹಾಗೆ ಓದುವ ಅಭ್ಯಾಸ ಯಾರಿಗೂ ಇಲ್ಲ.

ವಕೀಲರಿಗೆ ಆ ಅಭ್ಯಾಸ ಇದೆ. ಬಾಡಿಗೆ ಜಗಳದ ಕೇಸು ಕೈಗೆ ಬಂದ ಕೂಡಲೇ ಅವರು ಮೊದಲು ಕೇಳುವುದು, ಮನೆ ಯಾರದು? ಮೂರಕ್ಕೂ ಉತ್ತರ ಒಂದೇ ಬಂತು.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ಆಸ್ಪತ್ರೆಯೊಳಗೆ ವಕೀಲರಿಗೆ ಏನು ಕೆಲಸ ಅನ್ನುವ ಪ್ರಶ್ನೆ ಏಳುತ್ತೆ, ಅಲ್ವಾ? ಈ ಏರ್ಪಾಡು ಶುರುವಾಗಿದ್ದು ಬೋಸ್ಟನ್ನಿನಲ್ಲಿ, 1993ರಲ್ಲಿ. ಅಲ್ಲಿನ ಮಕ್ಕಳ ಡಾಕ್ಟರ್ ಬ್ಯಾರಿ ಝುಕರ್‌ಮನ್ ಆಸ್ಪತ್ರೆಗೇ ವಕೀಲರನ್ನು ಕರೆತಂದರು. ಮಗುವಿಗೆ ಇನ್‌ಹೇಲರ್ ಕೊಟ್ಟು ಮತ್ತೆ ಅದೇ ಬೂಷ್ಟು ಹಿಡಿದ ಕೋಣೆಗೆ ಕಳಿಸುವುದರಲ್ಲಿ ಏನು ಅರ್ಥ ಅನ್ನುವುದು ಇದರ ಹಿಂದಿನ ಯೋಚನೆ. ಬೂಷ್ಟಿಗೆ ಔಷಧಿ ಅಂಗಡಿಯಲ್ಲಿ ಮದ್ದಿಲ್ಲ. ಆದರೆ ಮನೆ ಸುಸ್ಥಿತಿಯಲ್ಲಿ ಇರಬೇಕು ಅಂತ ಕಾನೂನಿದೆ.

ಸಿನ್ಸಿನಾಟಿಯಲ್ಲಿ ಇದು ಬಂದದ್ದು 2008ರಲ್ಲಿ. ಒಂದು ಕಡೆ ಮಕ್ಕಳ ಆಸ್ಪತ್ರೆ. ಇನ್ನೊಂದು ಕಡೆ ಲೀಗಲ್ ಏಡ್ ಸೊಸೈಟಿ ಆಫ್ ಗ್ರೇಟರ್ ಸಿನ್ಸಿನಾಟಿ, ಅಂದರೆ ಬಡವರಿಗೆ ಪುಕ್ಕಟೆ ಕಾನೂನು ನೆರವು ಕೊಡುವ ಸಂಸ್ಥೆ. ಇಬ್ಬರೂ ಸೇರಿ ಮಾಡಿದ್ದಕ್ಕೆ ಚೈಲ್ಡ್ ಹೆಲ್ಪ್ ಅಂತ ಹೆಸರಿಟ್ಟರು. ಕಾನೂನಿನವರು ಕ್ಲಿನಿಕ್ಕಿನೊಳಗೇ ಬಂದು ಕೂತರು. ಇದು ಸಣ್ಣ ವಿಷಯ ಅನ್ನಿಸಬಹುದು. ನನಗಂತೂ ಇಡೀ ಪ್ರಕರಣದ ಕೀಲಿ ಇಲ್ಲೇ ಇದೆ ಅನ್ನಿಸುತ್ತದೆ. ಎರಡು ಸಂಸ್ಥೆಗಳು ಮಾಹಿತಿ ಹಂಚಿಕೊಳ್ಳುತ್ತವೆ ಅಂದ ಕೂಡಲೇ ನಮ್ಮ ಕಣ್ಣಮುಂದೆ ಬರುವುದು ಸರ್ವರ್, ಸಾಫ್ಟ್‌ವೇರ್, ಒಡಂಬಡಿಕೆ ಪತ್ರ, ಅದಕ್ಕೊಂದು ಸಹಿ ಸಮಾರಂಭ. ಇಲ್ಲಿ ಮೊದಲು ಹಂಚಿಕೊಂಡದ್ದು ಒಂದು ಕೋಣೆಯನ್ನು.

ಕೆಲಸ ನಡೆಯುವ ರೀತಿ ಹೀಗೆ. ಮಗುವನ್ನು ತಪಾಸಣೆಗೆ ಕರೆತಂದಾಗ ಡಾಕ್ಟರು ಜ್ವರ, ಕೆಮ್ಮಿನ ಜೊತೆಗೆ ಇನ್ನೂ ಕೆಲವು ಪ್ರಶ್ನೆ ಕೇಳುತ್ತಾರೆ. ಮನೆಯಲ್ಲಿ ಜಿರಳೆ, ಇಲಿ, ಬೂಷ್ಟಿನ ಕಾಟ ಇದೆಯಾ? ಮನೆ ಖಾಲಿ ಮಾಡಿ ಅಂತ ಯಾರಾದರೂ ಹೆದರಿಸಿದ್ದಾರಾ? ತಿಂಗಳ ಕೊನೆಗೆ ಊಟಕ್ಕೆ ತೊಂದರೆ ಆಗುತ್ತಾ? ಸರ್ಕಾರದಿಂದ ಬರಬೇಕಾದ ಹಣ ನಿಂತಿದೆಯಾ? ಹೌದು ಅಂದರೆ, ಮನೆಯವರ ಒಪ್ಪಿಗೆ ತಗೊಂಡು, ಪಕ್ಕದ ಕೋಣೆಗೆ ಕಳಿಸುತ್ತಾರೆ. ಜೊತೆಗೆ ಹೋಗುವುದು ಏನು? ಹೆಸರು, ಫೋನ್ ನಂಬರು, ವಿಳಾಸ, ತೊಂದರೆ ಏನು ಅನ್ನುವ ಒಂದು ಸಾಲು. ಮಗುವಿನ ಇಡೀ ಕಡತ ಹೋಗುವುದಿಲ್ಲ. ಯಾವಾಗ ಹುಟ್ಟಿತು, ಯಾವ ಲಸಿಕೆ ಬಾಕಿ, ತಾಯಿಗೆ ಏನು ಕಾಯಿಲೆ, ಇದ್ಯಾವುದೂ ವಕೀಲರಿಗೆ ಬೇಡ.

ಮೊದಲ ಮೂರು ವರ್ಷದಲ್ಲಿ ಹೀಗೆ ಸುಮಾರು 1,800 ಸಲ ಡಾಕ್ಟರುಗಳು ಮನೆಯವರನ್ನು ವಕೀಲರ ಕಡೆ ಕಳಿಸಿದರು. ಅಷ್ಟರಲ್ಲಿ ಹೆಚ್ಚಿನವು ಬಿಡಿ ಕೇಸುಗಳು. ಒಬ್ಬರ ಹೀಟರ್ ಕೆಟ್ಟಿದೆ, ಇನ್ನೊಬ್ಬರ ಆಹಾರ ನೆರವು ನಿಂತಿದೆ, ಮತ್ತೊಬ್ಬರ ಮಗುವಿಗೆ ಶಾಲೆಯಲ್ಲಿ ಸಿಗಬೇಕಾದ ವಿಶೇಷ ಪಾಠ ಸಿಗುತ್ತಿಲ್ಲ. ಒಂದೊಂದನ್ನೂ ಬಗೆಹರಿಸಿ ಮುಂದಕ್ಕೆ ಹೋಗುವುದೇ ಕೆಲಸ. 2010ರ ಬೇಸಿಗೆ ಬೇರೆಯಾಗಿದ್ದು ಆ ಮೂರು ಚೀಟಿಗಳಿಂದ.

ನಕ್ಷೆ

ಮೂರಕ್ಕೂ ಓನರ್ ಒಬ್ಬನೇ ಅಂತ ಗೊತ್ತಾದ ಮೇಲೆ ವಕೀಲರು ತಮ್ಮಲ್ಲಿದ್ದ ಉಳಿದ ಕೇಸುಗಳನ್ನೂ ತಿರುವಿ ನೋಡಿದರು. ಕೊನೆಗೆ ಸಿಕ್ಕಿದ್ದು 16 ಮನೆ. ಎಲ್ಲವೂ ಒಂದೇ ಓನರ್‌ನದು. ಅವನು ಸಿನ್ಸಿನಾಟಿಯವನೂ ಅಲ್ಲ. ದೂರದ ನ್ಯೂಯಾರ್ಕಿನಲ್ಲಿ ಕೂತು ಇಲ್ಲಿ ಕಟ್ಟಡ ಕೊಂಡಿದ್ದ ಕಂಪನಿ. ಅದರ ಹೆಸರಿನಲ್ಲಿ ಊರಿನಲ್ಲಿ ಇದ್ದದ್ದು 19 ಕಟ್ಟಡ ಸಮುಚ್ಚಯ, ಅವುಗಳಲ್ಲಿ 677 ಮನೆ.

ಈ ಮೂರು ಅಂಕಿಗಳನ್ನು ಒಟ್ಟಿಗೆ ಇಟ್ಟು ನೋಡಿ. 16, 19, 677. ಕ್ಲಿನಿಕ್ಕಿಗೆ ಬಂದು ಬಾಯಿಬಿಟ್ಟವರು 16 ಮನೆಯವರು. ಬಾಕಿ ಆರುನೂರು ಚಿಲ್ಲರೆ ಮನೆಯವರು ಬಂದಿಲ್ಲ, ಅಥವಾ ಬಂದರೂ ಮನೆ ವಿಷಯ ಹೇಳಿಲ್ಲ, ಅಥವಾ ಬೇರೆ ಕಡೆ ತೋರಿಸಿಕೊಳ್ಳುತ್ತಿದ್ದಾರೆ. ಆದರೆ ಅವರ ನಲ್ಲಿಗೂ ಅದೇ ಪೈಪು, ಅವರ ತಲೆಯ ಮೇಲೂ ಅದೇ ಸೋರುವ ಚಾವಣಿ.

ಡಾಕ್ಟರುಗಳು ಈಗ ತಮ್ಮ ಕಡೆಯ ಕೆಲಸ ಮಾಡಿದರು. ಆ ಮನೆಗಳ ಮಕ್ಕಳ ಆರೋಗ್ಯ ಹೇಗಿದೆ? ಲೆಕ್ಕ ಹಾಕಿದಾಗ ಮೂರರಲ್ಲಿ ಒಂದಕ್ಕಿಂತ ಜಾಸ್ತಿ ಮಕ್ಕಳಿಗೆ ಆಸ್ತಮಾ ಇತ್ತು. ಬೆಳವಣಿಗೆ ಅಥವಾ ನಡವಳಿಕೆಯ ತೊಂದರೆ ಇದ್ದವರೂ ಸುಮಾರು ಅಷ್ಟೇ. ರಕ್ತದಲ್ಲಿ ಸೀಸ ಹೆಚ್ಚಿದ್ದ ಮಕ್ಕಳೂ ಸಿಕ್ಕರು. ಕ್ಲಿನಿಕ್ಕಿಗೆ ಬರುವ ಉಳಿದ ಮಕ್ಕಳಿಗೆ ಹೋಲಿಸಿದರೆ ಮೂರೂ ಜಾಸ್ತಿ. ಕ್ಲಿನಿಕ್ಕಿಗೆ ಬರುವ ಉಳಿದವರೇನು ಶ್ರೀಮಂತರ ಮಕ್ಕಳಲ್ಲ, ಅದನ್ನೂ ಗಮನಿಸಬೇಕು. ಬಡವರ ನಡುವೆಯೂ ಇವರು ಹೆಚ್ಚು ಕಾಯಿಲೆಯ ಮಕ್ಕಳು. ಸೀಸದ ವಿಷಯಕ್ಕೆ ಒಂದು ಮಾತು. ಅಮೆರಿಕದಲ್ಲಿ ಮನೆ ಬಣ್ಣದಲ್ಲಿ ಸೀಸ ಬಳಸುವುದನ್ನು ನಿಷೇಧಿಸಿದ್ದು 1978ರಲ್ಲಿ. ಅದಕ್ಕೆ ಮುಂಚೆ ಕಟ್ಟಿದ ಮನೆಗಳಲ್ಲಿ ಬಣ್ಣ ಉದುರಿದರೆ ಸೀಸವೇ ಉದುರಬಹುದು. ಅಂಬೆಗಾಲಿಡುವ ಮಗು ನೆಲದ ಧೂಳು ಮುಟ್ಟಿ ಕೈ ಬಾಯಿಗೆ ಹಾಕಿಕೊಳ್ಳುತ್ತೆ. ಅಷ್ಟೇ ಸಾಕು.

ಇಲ್ಲಿಂದ ಮುಂದೆ ಕೇಸಿನ ಸ್ವರೂಪವೇ ಬದಲಾಯಿತು. ಒಂದು ಮನೆಯ ಜಗಳವಾಗಿದ್ದರೆ ಓನರ್‌ಗೆ ಒಂದು ನೋಟೀಸು, ಒಂದು ಎಸಿಗೆ ಅನುಮತಿ, ಮುಗಿಯಿತು. ಅಮೆರಿಕದ ವಸತಿ ಕಾನೂನಿನಲ್ಲಿ ಅದಕ್ಕೆ ದಾರಿಯೂ ಇದೆ. ಕಾಯಿಲೆಯಿಂದ ದಿನದ ಬದುಕಿಗೇ ತೊಡಕಾಗುವ ಮಗುವಿಗೆ ಬೇಕಾದ ಸಣ್ಣ ಅನುಕೂಲವನ್ನು ಓನರ್ ಸುಮ್ನೆ ಇಲ್ಲ ಅನ್ನುವಂತಿಲ್ಲ. ಡಾಕ್ಟರ ಒಂದು ಪತ್ರ ಇದ್ದರೆ ವಕೀಲರ ಕೈ ಗಟ್ಟಿ. ಆದರೆ 19 ಕಟ್ಟಡ ಅಂದಾಗ ಪ್ರಶ್ನೆ ಬೇರೆ: ಈ ಕಟ್ಟಡಗಳಿಗೆ ಈಗ ಜವಾಬ್ದಾರರು ಯಾರು?

ಹುಡುಕಿದಾಗ ತಿಳಿದದ್ದು, ಓನರ್ ಸಾಲ ಕಟ್ಟುವುದನ್ನೇ ಬಿಟ್ಟಿದ್ದ. 2008ರ ಆರ್ಥಿಕ ಕುಸಿತದ ನಂತರದ ದಿನಗಳು ಅವು. ದೇಶದ ತುಂಬ ಇಂಥ ಕಟ್ಟಡಗಳು ಓನರ್ ಇದ್ದೂ ಇಲ್ಲದ ಹಾಗಿದ್ದವು. ಈ ಕಟ್ಟಡಗಳ ಅಡಮಾನ ಸಾಲ ಫ್ಯಾನಿ ಮೇ ಅನ್ನುವ ದೊಡ್ಡ ಸಂಸ್ಥೆಯ ಕೈಯಲ್ಲಿತ್ತು. ಆ ಸಂಸ್ಥೆಯನ್ನು 2008ರ ಸೆಪ್ಟೆಂಬರಿನಲ್ಲೇ ಕೇಂದ್ರ ಸರ್ಕಾರ ತನ್ನ ಹಿಡಿತಕ್ಕೆ ತಗೊಂಡಿತ್ತು. ಅಂದರೆ ಕೈಗೆ ಸಿಗದ ನ್ಯೂಯಾರ್ಕ್ ಕಂಪನಿಯ ಬದಲು, ಕೇಳಿದರೆ ಉತ್ತರ ಕೊಡಲೇಬೇಕಾದ ಒಬ್ಬರು ಸಿಕ್ಕರು. ಬಾಡಿಗೆದಾರರು ತಮ್ಮ ಸಂಘ ಕಟ್ಟಿಕೊಳ್ಳಲು ವಕೀಲರು ನೆರವಾದರು. ಡಾಕ್ಟರುಗಳ ಲೆಕ್ಕ, ವಕೀಲರ ಪಟ್ಟಿ, ಬಾಡಿಗೆದಾರರ ಬಾಯಿ, ಮೂರೂ ಒಂದೇ ಕಡೆಗೆ ತಿರುಗಿದವು.

ಕೆಲಸ ಆಯಿತು. ಹೊಸ ಚಾವಣಿ ಬಂತು, ಒಳಚರಂಡಿ ಸರಿಯಾಯಿತು, ಗಾಳಿಯಾಡುವ ವ್ಯವಸ್ಥೆ ರಿಪೇರಿಯಾಯಿತು. ಜಿರಳೆ, ಇಲಿಗಳಿಗೆ ಒಂದು ಮನೆಗೆ ಮಾತ್ರ ಮದ್ದು ಹೊಡೆಯುವ ಬದಲು ಇಡೀ ಕಟ್ಟಡಕ್ಕೆ ಒಟ್ಟಿಗೆ ಕ್ರಮ ತಗೊಂಡರು. ಇದರ ಬೆಲೆ ಅಪಾರ್ಟ್‌ಮೆಂಟಿನಲ್ಲಿ ಇದ್ದವರಿಗೆ ಗೊತ್ತು. ನಿಮ್ಮ ಮನೆಗೆ ಮಾತ್ರ ಹೊಡೆಸಿದರೆ ಜಿರಳೆ ಪಕ್ಕದ ಮನೆಗೆ ಹೋಗಿ ಎರಡು ವಾರ ಇದ್ದು ವಾಪಸ್ ಬರುತ್ತೆ.

ಲೆಕ್ಕ ಹೀಗಿದೆ. 16 ಮನೆಗಳಲ್ಲಿ 10ಕ್ಕೆ ರಿಪೇರಿ ಆಯಿತು. 19 ಸಮುಚ್ಚಯಗಳಲ್ಲಿ 11ಕ್ಕೆ ಇಡೀ ಕಟ್ಟಡದ ಮಟ್ಟದ ಸುಧಾರಣೆ ಬಂತು. ಆಸ್ಪತ್ರೆಯ ಡಾಕ್ಟರುಗಳಾದ ಆಂಡ್ರೂ ಬೆಕ್, ಮೆಲಿಸಾ ಕ್ಲೈನ್, ರಾಬರ್ಟ್ ಕಾನ್ ಮತ್ತು ಅವರ ಜೊತೆಗಾರರು 2012ರಲ್ಲಿ ಪೀಡಿಯಾಟ್ರಿಕ್ಸ್ ಅನ್ನುವ ವೈದ್ಯ ಪತ್ರಿಕೆಯಲ್ಲಿ ಇದನ್ನು ಬರೆದರು. ಕಾಲರಾ ಹರಡಿದಾಗ ಒಂದೇ ಬಾವಿಯ ಸುತ್ತ ಕೇಸು ಹೆಚ್ಚಾದರೆ ಅದನ್ನು ರೋಗದ ಗೊಂಚಲು ಅನ್ನುತ್ತಾರೆ. ಇವರು ಕೆಟ್ಟ ಮನೆಗಳಿಗೂ ಅದೇ ಮಾತನ್ನು ಬಳಸಿದರು. ಸರಿಯಾದ ಮಾತು. ಇಲ್ಲಿ ಬಾವಿ ಅಂದರೆ ಓನರ್.

ಯಾರು ಏನು ಹೇಳಬಹುದು, ಏನು ಹೇಳಬಾರದು

ಇಷ್ಟು ಸಲೀಸಾಗಿ ಹೇಳಿದರೆ ಎರಡು ಸಂಸ್ಥೆ ಕೂತು ಪಟ್ಟಿ ಅದಲುಬದಲು ಮಾಡಿಕೊಂಡವು ಅನ್ನಿಸಬಹುದು. ಹಾಗಿಲ್ಲ. ಈ ಭಾಗವೇ ನನಗೆ ಹೆಚ್ಚು ಕುತೂಹಲದ್ದು.

ಅಮೆರಿಕದಲ್ಲಿ ರೋಗಿಯ ಗುಟ್ಟು ಕಾಪಾಡುವ ಕಾನೂನು ಬಂದದ್ದು 1996ರಲ್ಲಿ. ಹಿಪಾ ಅಂತ ಕರೆಯುತ್ತಾರೆ. ಮನೆಯವರ ಒಪ್ಪಿಗೆ ಇಲ್ಲದೆ ಡಾಕ್ಟರು ಮಗುವಿನ ಕಾಯಿಲೆಯ ವಿಷಯವನ್ನು ವಕೀಲರಿಗೆ ಕೊಡುವ ಹಾಗಿಲ್ಲ. ಮಕ್ಕಳ ಶಾಲೆಯ ದಾಖಲೆಗೆ 1974ರಿಂದಲೇ ಬೇರೊಂದು ಕಾನೂನು ಇದೆ. ಇನ್ನು ವಕೀಲರ ಕಡೆ ಬಂದರೆ ಬಿಗಿ ಇನ್ನೂ ಜಾಸ್ತಿ. ಕಕ್ಷಿದಾರರು ಹೇಳಿದ್ದನ್ನು ಅವರ ಒಪ್ಪಿಗೆ ಇಲ್ಲದೆ ವಕೀಲರು ಹೊರಗೆ ಬಿಡಬಾರದು, ಅವರನ್ನು ಕಳಿಸಿಕೊಟ್ಟ ಡಾಕ್ಟರಿಗೂ ಹೇಳಬಾರದು.

ಅದರಲ್ಲೂ ಒಂದು ಸಿಕ್ಕು ಇದೆ. ಮಗುವಿಗೆ ಮನೆಯಲ್ಲಿ ಹೊಡೆತ, ಹಿಂಸೆ ಆಗುತ್ತಿದೆ ಅಂತ ಅನುಮಾನ ಬಂದರೆ ಡಾಕ್ಟರು ಸರ್ಕಾರಕ್ಕೆ ತಿಳಿಸಲೇಬೇಕು, ಅದು ಕಾನೂನು. ವಕೀಲರದು ಗುಟ್ಟು ಕಾಪಾಡುವ ಕೆಲಸ. ಈಗ ಯೋಚಿಸಿ. ಒಬ್ಬ ತಾಯಿ ವಕೀಲರ ಹತ್ತಿರ ಕೂತು, ನನ್ನ ಗಂಡ ಹೊಡೆಯುತ್ತಾನೆ, ಮನೆ ಬಿಡಬೇಕು, ಏನು ಮಾಡಲಿ ಅಂತ ಕೇಳುತ್ತಾಳೆ. ಅದೇ ಮಾತು ಪಕ್ಕದ ಕೋಣೆಯ ಡಾಕ್ಟರ ಕಿವಿಗೆ ಬಿದ್ದರೆ ಪರಿಣಾಮವೇ ಬೇರೆ. ಹಾಗಾಗಿ ಒಂದೇ ಕಟ್ಟಡದಲ್ಲಿ, ಒಂದೇ ಮಗುವಿಗಾಗಿ ಕೆಲಸ ಮಾಡುವ ಇಬ್ಬರ ನಡುವೆಯೂ ಗೋಡೆ ಬೇಕು. ಇಂಥ ಜಂಟಿ ಕೆಲಸಕ್ಕೆ ಇಳಿಯುವವರು ಮೊದಲ ದಿನವೇ ಇದನ್ನು ಮಾತಾಡಿಕೊಳ್ಳದಿದ್ದರೆ ಆಮೇಲೆ ಕಷ್ಟ. ಮನೆಯವರಿಗೂ ಯಾವ ಮಾತು ಎಲ್ಲಿಯವರೆಗೆ ಹೋಗುತ್ತೆ ಅನ್ನುವುದನ್ನು ಬಾಯಿಬಿಟ್ಟು ಹೇಳಬೇಕು. ಒಪ್ಪಿಗೆ ಪತ್ರದ ಕೆಳಗೆ ಸಣ್ಣ ಅಕ್ಷರದಲ್ಲಿ ಅಚ್ಚಾಗಿದ್ದರೆ ಅದು ಹೇಳಿದ ಹಾಗೆ ಆಗುವುದಿಲ್ಲ.

ಇಷ್ಟೆಲ್ಲ ಗೋಡೆ ಇದ್ದೂ ಆ 16 ಮನೆಗಳ ಕಥೆ ಹೊರಗೆ ಬಂತು. ಯಾಕೆಂದರೆ ಅದಕ್ಕೆ ಬೇಕಾದದ್ದು ಎರಡೇ ಸಂಗತಿ: ವಿಳಾಸ ಮತ್ತು ಓನರ್. ವಿಳಾಸವನ್ನು ಮನೆಯವರೇ ಒಪ್ಪಿ ಕೊಟ್ಟಿದ್ದರು. ಓನರ್ ಯಾರು ಅನ್ನುವುದು ಅಲ್ಲಿ ಸಾರ್ವಜನಿಕ ದಾಖಲೆ, ಯಾರು ಬೇಕಾದರೂ ನೋಡಬಹುದು. ಗುಟ್ಟಿನ ಮಾಹಿತಿ ಒಂದು ಚಮಚ, ಬಹಿರಂಗ ಮಾಹಿತಿ ಒಂದು ಬಕೆಟ್.

ಅದೇ ಬೇಸಿಗೆಯಲ್ಲಿ, ಅಂದರೆ 2010ರ ಆಗಸ್ಟಿನಲ್ಲಿ, ಇಂಗ್ಲೆಂಡಿನಲ್ಲಿ ಇನ್ನೊಂದು ಘಟನೆ ನಡೆಯಿತು. ಅಲ್ಲಿನ ಸರ್ಕಾರ ಕಾಂಟ್ಯಾಕ್ಟ್‌ಪಾಯಿಂಟ್ ಅನ್ನುವ ಮಕ್ಕಳ ಮಾಹಿತಿ ಭಂಡಾರವನ್ನು ಮುಚ್ಚಿತು. ಅದರ ಹಿಂದೆ ಒಂದು ಸಾವಿನ ಕಥೆ ಇದೆ. ವಿಕ್ಟೋರಿಯಾ ಕ್ಲಿಂಬಿ ಅನ್ನುವ ಎಂಟು ವರ್ಷದ ಹುಡುಗಿ 2000ನೇ ಇಸವಿಯ ಫೆಬ್ರವರಿಯಲ್ಲಿ ಲಂಡನ್ನಿನಲ್ಲಿ ಸತ್ತಳು. ಸಾಕುತ್ತೇವೆಂದು ಕರೆತಂದವರೇ ಹಿಂಸಿಸಿ ಕೊಂದಿದ್ದರು. ಅವಳನ್ನು ಎರಡು ಆಸ್ಪತ್ರೆಯವರು ನೋಡಿದ್ದರು. ಪೊಲೀಸರಿಗೆ, ಹಲವು ಬಡಾವಣೆಗಳ ಸಮಾಜ ಸೇವಾ ಇಲಾಖೆಗಳಿಗೆ, ಒಂದು ಮಕ್ಕಳ ಸಂಸ್ಥೆಗೆ ಅವಳ ವಿಷಯ ಗೊತ್ತಿತ್ತು. ಎಲ್ಲರ ಬಳಿಯೂ ಒಂದೊಂದು ತುಣುಕು. ಲಾರ್ಡ್ ಲ್ಯಾಮಿಂಗ್ ವಿಚಾರಣೆಯ ವರದಿ 2003ರಲ್ಲಿ ಬಂದಾಗ ದೇಶವೇ ತಲೆ ತಗ್ಗಿಸಿತು. ಅದಾದ ಮೇಲೆ ಸರ್ಕಾರ ಇಂಗ್ಲೆಂಡಿನ ಎಲ್ಲ ಮಕ್ಕಳನ್ನೂ, ಅಂದರೆ ಸುಮಾರು 1.1 ಕೋಟಿ ಮಕ್ಕಳನ್ನು, ಒಂದೇ ಪಟ್ಟಿಗೆ ಹಾಕಲು ಹೊರಟಿತು. ಹೆಸರು, ವಿಳಾಸ, ಶಾಲೆ, ಡಾಕ್ಟರು, ಯಾವ ಸಂಸ್ಥೆಯವರು ನೋಡುತ್ತಿದ್ದಾರೆ ಅನ್ನುವುದು. ಖರ್ಚು 22.4 ಕೋಟಿ ಪೌಂಡ್. ನೋಡಲು ಅಧಿಕಾರ ಸಿಗಬೇಕಿದ್ದವರು 3 ಲಕ್ಷಕ್ಕೂ ಜಾಸ್ತಿ ಜನ. ಅಷ್ಟು ಜನರ ಕೈಗೆ ದೇಶದ ಎಲ್ಲ ಮಕ್ಕಳ ವಿಳಾಸ ಕೊಡುವುದೇ ಅಪಾಯ ಅನ್ನುವ ಕೂಗೆದ್ದಿತು. ಹೊಸ ಸರ್ಕಾರ ಬಂದು ಕೆಲವೇ ತಿಂಗಳಲ್ಲಿ ಅದನ್ನು ಮುಚ್ಚಿತು.

ಇಂಗ್ಲೆಂಡಿನವರದು ಮೂರ್ಖತನ ಅನ್ನಲಾರೆ. ವಿಕ್ಟೋರಿಯಾಳ ಸಾವಿನ ನೋವು ದೊಡ್ಡದು. ಒಬ್ಬರ ಹತ್ತಿರ ಇದ್ದದ್ದು ಇನ್ನೊಬ್ಬರಿಗೆ ತಿಳಿದಿದ್ದರೆ ಅನ್ನುವ ಕೊರಗು ನಿಜವಾದದ್ದು. ಆದರೆ ಅವರ ಭಂಡಾರಕ್ಕೆ ಒಂದು ನಿರ್ದಿಷ್ಟ ಪ್ರಶ್ನೆ ಇರಲಿಲ್ಲ. ಎಂದಾದರೂ ಬೇಕಾಗಬಹುದು ಅಂತ ಎಲ್ಲರದ್ದೂ ಕೂಡಿಟ್ಟರು. ಸಿನ್ಸಿನಾಟಿಯವರಿಗೆ ಕೇಳಲು ಒಂದೇ ಪ್ರಶ್ನೆ ಇತ್ತು, ಈ ಮನೆಗಳ ಓನರ್ ಯಾರು? ಉತ್ತರ ಸಿಕ್ಕ ಮರುದಿನ ಏನು ಮಾಡಬೇಕು ಅನ್ನುವುದೂ ಕೇಳಿದವರಿಗೇ ಗೊತ್ತಿತ್ತು. ಮಾಹಿತಿ ಹಂಚಿಕೊಳ್ಳುವ ಯೋಜನೆ ಯಾವುದನ್ನೇ ನೋಡಿದರೂ ಈಗ ನಾನು ಮೊದಲು ಹುಡುಕುವುದು ಆ ಮರುದಿನವನ್ನು. ಬಹಳಷ್ಟು ಕಡೆ ಅದು ಇರುವುದಿಲ್ಲ.

ನಗರಸಭೆಯ ಕಡತ

ಓನರ್ ಪ್ರಕರಣದ ನಂತರ ಡಾಕ್ಟರುಗಳಿಗೆ ಮತ್ತೊಂದು ಯೋಚನೆ ಬಂತು. ಮನೆಯವರು ಬಂದು ಹೇಳುವವರೆಗೂ ಯಾಕೆ ಕಾಯಬೇಕು? ಯಾವ ಕಟ್ಟಡ ಹಾಳಾಗಿದೆ ಅನ್ನುವುದು ನಗರದ ಅಧಿಕಾರಿಗಳಿಗೆ ಮೊದಲೇ ಗೊತ್ತಿರುತ್ತೆ. ಇನ್ಸ್‌ಪೆಕ್ಟರು ಹೋಗಿ ನೋಡಿ, ಇಲ್ಲಿ ಬೂಷ್ಟು, ಅಲ್ಲಿ ಇಲಿ, ಇನ್ನೊಂದು ಕಡೆ ಗೋಡೆಯ ಬಣ್ಣ ಉದುರುತ್ತಿದೆ ಅಂತ ಬರೆದಿಟ್ಟಿರುತ್ತಾರೆ. ಆ ಬರಹ ಬೇರೆ ಇಲಾಖೆಯಲ್ಲಿ, ಬೇರೆ ಕೆಲಸಕ್ಕೆ ಅಂತ ಇತ್ತು. ಯಾವ ಡಾಕ್ಟರೂ ಅದನ್ನು ತೆರೆದು ನೋಡಿರಲಿಲ್ಲ.

ತೆರೆದು ನೋಡಿದರು. ನಗರದ ಯಾವ ಭಾಗದಲ್ಲಿ ಮನೆಗಳ ನಿಯಮ ಉಲ್ಲಂಘನೆ ಎಷ್ಟು ದಟ್ಟವಾಗಿದೆ ಅನ್ನುವುದನ್ನೂ, ಅಲ್ಲಿಂದ ಆಸ್ತಮಾಕ್ಕೆ ಆಸ್ಪತ್ರೆಗೆ ಬರುವ ಮಕ್ಕಳೆಷ್ಟು ಅನ್ನುವುದನ್ನೂ ಪಕ್ಕಪಕ್ಕ ಇಟ್ಟರು. 2014ರಲ್ಲಿ ಹೆಲ್ತ್ ಅಫೇರ್ಸ್ ಪತ್ರಿಕೆಯಲ್ಲಿ ಇದು ಬಂತು. ಆಸ್ತಮಾಕ್ಕೆ ತುರ್ತು ಚಿಕಿತ್ಸೆಗೆ ಬರುವುದು, ದಾಖಲಾಗುವುದು ಇವೆರಡರಲ್ಲಿ ಒಂದು ಬಡಾವಣೆಗೂ ಇನ್ನೊಂದಕ್ಕೂ ಕಾಣುವ ವ್ಯತ್ಯಾಸದಲ್ಲಿ ನೂರಕ್ಕೆ ಸುಮಾರು 22 ಪಾಲನ್ನು ಈ ಉಲ್ಲಂಘನೆಗಳ ದಟ್ಟಣೆಯೊಂದರಿಂದಲೇ ವಿವರಿಸಬಹುದಿತ್ತು. ಒಮ್ಮೆ ದಾಖಲಾಗಿ ಮನೆಗೆ ಹೋದ ಮಗು ವರ್ಷದೊಳಗೆ ಮತ್ತೆ ಬರುವ ಸಂಭವವೂ ಇಂಥ ಕಡೆ ಹೆಚ್ಚು.

ಈ ಲೆಕ್ಕಕ್ಕೆ ಒಂದು ಮಗುವಿನ ಹೆಸರನ್ನೂ ನಗರದವರಿಗೆ ಕೊಡಬೇಕಾಗಿರಲಿಲ್ಲ. ಆದರೆ ಇದರಲ್ಲೂ ಹುಷಾರಾಗಿರಬೇಕು. ಮನೆ ಹಾಳಾದ ಕಡೆ ಬಡತನವೂ ಇರುತ್ತೆ, ರಸ್ತೆಯ ಹೊಗೆಯೂ ಇರುತ್ತೆ, ಒಳ್ಳೆಯ ಔಷಧಿ ಅಂಗಡಿ ದೂರ ಇರುತ್ತೆ. ಎಲ್ಲವನ್ನೂ ಬೂಷ್ಟಿನ ತಲೆಗೆ ಕಟ್ಟುವಂತಿಲ್ಲ. ಇನ್ನೊಂದು, ಉಲ್ಲಂಘನೆ ದಾಖಲಾಗುವುದು ಯಾರಾದರೂ ದೂರು ಕೊಟ್ಟರೆ ತಾನೇ? ಹೆದರಿ ಸುಮ್ಮನಿರುವವರ ಬೀದಿ ಕಡತದಲ್ಲಿ ಸ್ವಚ್ಛವಾಗಿ ಕಾಣುತ್ತೆ.

ಆ ಹೆದರಿಕೆ ಸುಳ್ಳಲ್ಲ. ಇನ್ಸ್‌ಪೆಕ್ಟರು ಬಂದು ಮನೆ ವಾಸಕ್ಕೆ ಯೋಗ್ಯವಲ್ಲ ಅಂತ ಬೀಗ ಹಾಕಿದರೆ ಮಗು ರಾತ್ರಿ ಎಲ್ಲಿ ಮಲಗುತ್ತೆ? ಓನರ್ ಸಿಟ್ಟಿಗೆದ್ದು ಖಾಲಿ ಮಾಡಿ ಅಂದರೆ? ಮಗುವಿನ ಒಳ್ಳೆಯದಕ್ಕೆ ಅಂತ ಕಳಿಸಿದ ಒಂದು ಸಾಲು ಮಾಹಿತಿ ಆ ಮಗುವನ್ನೇ ಬೀದಿಗೆ ಹಾಕಬಹುದು. ಇಲ್ಲಿ ವಕೀಲರು ಮತ್ತೆ ಬೇಕು. ದೂರು ಕೊಟ್ಟಿದ್ದಕ್ಕೆ ಸೇಡು ತೀರಿಸಿಕೊಳ್ಳುವುದನ್ನು ಓಹಾಯೊ ಕಾನೂನು ತಡೆಯುತ್ತೆ. ಇನ್ನೂ ಒಂದು ಒಳ್ಳೆಯ ದಾರಿ ಅಲ್ಲಿದೆ. ಬಾಡಿಗೆ ಬಾಕಿ ಇಲ್ಲದವರು ರಿಪೇರಿ ಮಾಡಿಸಿ ಅಂತ ಓನರ್‌ಗೆ ಬರೆದು ಕೊಡಬೇಕು. ತಕ್ಕಷ್ಟು ಸಮಯ, ಹೆಚ್ಚೆಂದರೆ 30 ದಿನ, ಕಾಯಬೇಕು. ಆಗಲೂ ಮಾಡಿಸದಿದ್ದರೆ ಮುಂದಿನ ಬಾಡಿಗೆಯನ್ನು ಓನರ್ ಕೈಗೆ ಕೊಡದೆ ಕೋರ್ಟಿನ ಗುಮಾಸ್ತರ ಬಳಿ ಕಟ್ಟಬಹುದು. ಬಾಡಿಗೆ ಕಟ್ಟಿದ ಹಾಗೂ ಆಯಿತು, ಓನರ್‌ಗೆ ಹಣ ಸಿಗದ ಹಾಗೂ ಆಯಿತು. ಆದರೆ ಒಂದು ತಿಂಗಳ ಬಾಡಿಗೆ ತಪ್ಪಿದ್ದರೂ ಈ ಬಾಗಿಲು ಮುಚ್ಚಿತು. ಇದನ್ನು ಮೊದಲೇ ಹೇಳುವವರು ಪಕ್ಕದಲ್ಲಿಲ್ಲದಿದ್ದರೆ ಎಷ್ಟೋ ಜನ ಸಿಟ್ಟಿನಲ್ಲಿ ಬಾಡಿಗೆ ನಿಲ್ಲಿಸಿ ತಾವೇ ಸಿಕ್ಕಿಬೀಳುತ್ತಾರೆ.

ಈ ದಾರಿಯಲ್ಲೇ ಆಸ್ಪತ್ರೆ ನಗರದ ಆರೋಗ್ಯ ಇಲಾಖೆಯ ಜೊತೆಗೂ ಕೈಜೋಡಿಸಿತು. ಆಸ್ತಮಾಕ್ಕೆ ದಾಖಲಾದ ಮಗುವಿನ ಮನೆಯವರು ಒಪ್ಪಿದರೆ ಇಲಾಖೆಯವರು ಮನೆಗೆ ಹೋಗಿ ನೋಡುವ ಏರ್ಪಾಡು ಅದು. ಊರಿನ ಫ್ರೀಸ್ಟೋರ್ ಫುಡ್‌ಬ್ಯಾಂಕ್ ಜೊತೆ ಸೇರಿ, ಹಾಲಿನ ಪುಡಿಗೆ ನೀರು ಜಾಸ್ತಿ ಬೆರೆಸಿ ಕುಡಿಸುವಷ್ಟು ಕಷ್ಟದಲ್ಲಿದ್ದ ಮನೆಗಳ ಹಸುಗೂಸುಗಳಿಗೆ ಕ್ಲಿನಿಕ್ಕಿನಲ್ಲೇ ಡಬ್ಬಿ ಕೊಡಲು ಶುರು ಮಾಡಿದರು. ಮೊದಲ ಎರಡು ವರ್ಷದಲ್ಲಿ ಸಾವಿರಕ್ಕೂ ಮೇಲ್ಪಟ್ಟು ಕೂಸುಗಳಿಗೆ ಅದು ಸಿಕ್ಕಿತು.

ಆಮೇಲೆ

2015ರ ನಡುವಿನಿಂದ ಆಸ್ಪತ್ರೆಯವರು ಏವಂಡೇಲ್ ಮತ್ತು ಪ್ರೈಸ್ ಹಿಲ್ ಅನ್ನುವ ಎರಡು ಬಡಾವಣೆಗಳ ಮೇಲೆ ಕಣ್ಣಿಟ್ಟರು. ಏವಂಡೇಲ್ ಅಂದರೆ ಆಸ್ಪತ್ರೆ ನಿಂತಿರುವ ಬಡಾವಣೆಯೇ. ಹೆಸರುವಾಸಿ ಮಕ್ಕಳ ಆಸ್ಪತ್ರೆಯ ಬಾಗಿಲಲ್ಲೇ ಇರುವ ಮಕ್ಕಳು ಜಾಸ್ತಿ ಕಾಯಿಲೆ ಬೀಳುತ್ತಿದ್ದರು ಅನ್ನುವುದು ಆಸ್ಪತ್ರೆಗೂ ನುಂಗಲಾಗದ ಸಂಗತಿ. ಯಾವ ಮಗು ಯಾಕೆ ದಾಖಲಾಯಿತು ಅನ್ನುವುದನ್ನು ವರ್ಷದ ಕೊನೆಗೆ ವರದಿಯಲ್ಲಿ ನೋಡುವ ಬದಲು ಆಗಿಂದಾಗ್ಗೆ ನೋಡತೊಡಗಿದರು. ಕಾಯಿಲೆ ವಾಸಿಯಾಗಿ ಮನೆಗೆ ಹೋಗುವ ಮಗುವಿನ ಮುಂದಿನ ದಾರಿ ಸರಿ ಮಾಡುವುದು, ಮನೆ ಮತ್ತು ಹಣದ ತೊಂದರೆ ಇದ್ದರೆ ವಕೀಲರ ಕಡೆ ಕಳಿಸುವುದು ಅದರ ಭಾಗ. ಈ ಕೆಲಸಕ್ಕೆ ಮುಂಚಿನ ಮೂರು ವರ್ಷವನ್ನು ಆಮೇಲಿನ ಮೂರು ವರ್ಷದ ಜೊತೆ ಹೋಲಿಸಿದಾಗ ಆ ಎರಡು ಬಡಾವಣೆಗಳಿಂದ ಮಕ್ಕಳ ದಾಖಲಾತಿ ನೂರಕ್ಕೆ 20ರಷ್ಟು ಇಳಿದಿತ್ತು. ಅದೇ ಥರದ ಬೇರೆ ಬಡಾವಣೆಗಳಲ್ಲಿ ಅಂಥ ಇಳಿತ ಕಾಣಲಿಲ್ಲ.

ವಕೀಲರ ಪಾಲು ಎಷ್ಟು ಅನ್ನುವುದಕ್ಕೆ ಉತ್ತರ 2022ರಲ್ಲಿ ಬಂತು. ವಕೀಲರ ನೆರವು ಸಿಕ್ಕ ಮಕ್ಕಳು ಮುಂದಿನ ಒಂದು ವರ್ಷದಲ್ಲಿ ಆಸ್ಪತ್ರೆಗೆ ದಾಖಲಾಗುವುದು, ನೆರವು ಸಿಗದಿದ್ದರೆ ಆಗಬಹುದಾಗಿದ್ದಕ್ಕಿಂತ ನೂರಕ್ಕೆ 38ರಷ್ಟು ಕಡಿಮೆ ಅಂತ ಅಂದಾಜು. ಇದು ಚೀಟಿ ಎತ್ತಿ ಎರಡು ಗುಂಪು ಮಾಡಿ ನಡೆಸಿದ ಪ್ರಯೋಗವಲ್ಲ, ಅದೇ ಥರದ ಬೇರೆ ಮಕ್ಕಳ ಜೊತೆ ಹೋಲಿಸಿ ಹಾಕಿದ ಲೆಕ್ಕ. ಅಷ್ಟು ಎಚ್ಚರ ಇಟ್ಟುಕೊಂಡೇ ಓದಬೇಕು. ಆದರೂ ಒಂದು ಔಷಧಿ ಇಷ್ಟು ಇಳಿಸಿದ್ದರೆ ಅದರ ಜಾಹೀರಾತು ಟಿವಿಯಲ್ಲಿ ದಿನಕ್ಕೆ ಹತ್ತು ಸಲ ಬರುತ್ತಿತ್ತು.

ಮೊದಲ 16 ಮನೆಗಳಲ್ಲಿ 6 ರಿಪೇರಿಯಾಗದೆ ಉಳಿದವು, 19 ಸಮುಚ್ಚಯಗಳಲ್ಲಿ 8. ಬಾಡಿಗೆಯವರು ಒಂದೇ ಕಡೆ ಇರುವುದಿಲ್ಲ ಅನ್ನುವುದೂ ಇದರಲ್ಲಿ ಸೇರಿದೆ. ತಿಂಗಳ ಬಾಡಿಗೆ ಏರಿದರೆ, ಕೆಲಸ ಹೋದರೆ, ಜಗಳವಾದರೆ ಮನೆ ಬದಲಾಗುತ್ತೆ. ಆಸ್ಪತ್ರೆಯ ಕಂಪ್ಯೂಟರಿನಲ್ಲಿ ಹಳೆಯ ವಿಳಾಸವೇ ಇರುತ್ತೆ. ಮಗು ಬೂಷ್ಟು ಹಿಡಿದ ಮನೆ ಬಿಟ್ಟು ಹೊರಟಿತು ಅಂದರೆ ಮಗುವಿನ ಕಡತದಲ್ಲಿ ಆ ತೊಂದರೆ ಮುಗಿದ ಹಾಗೆ ಕಾಣಬಹುದು. ಮನೆಯೇನೂ ಖಾಲಿ ಉಳಿಯುವುದಿಲ್ಲ. ಮುಂದಿನ ತಿಂಗಳು ಇನ್ನೊಂದು ಮನೆಯವರು ಬರುತ್ತಾರೆ, ಬಹುಶಃ ಇನ್ನೊಂದು ಮಗುವಿನ ಜೊತೆ. ಅದಕ್ಕೇ ಸಿನ್ಸಿನಾಟಿಯವರ ಲೆಕ್ಕದಲ್ಲಿ ಮಗುವಿಗೆ ಒಂದು ಸಾಲಿದ್ದರೆ ಕಟ್ಟಡಕ್ಕೂ ಒಂದು ಸಾಲು.